ಬಡಗಿಯ ಡ್ರಿಲ್ ದೋಣಿ ನಡೆಸಿದ ದಿನ

ಇಂಗ್ಲೆಂಡಿನಲ್ಲಿ ಏನೇನು ನೋಡಿದಿರಿ ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಬೀಲ್ ಪಾರ್ಕಿನ ಹೆಸರನ್ನು. ರೆಡಿಂಗ್‌ನಲ್ಲಿರುವ ಅಕ್ಕನ ಮನೆಯಲ್ಲಿದ್ದುಕೊಂಡು ಆಕ್ಸ್‌ಫರ್ಡ್, ಬಾತ್, ಲಂಡನ್ ಎಲ್ಲವನ್ನೂ ಸುತ್ತಿದ್ದಾಯಿತು. ಚೆನ್ನಾಗಿಯೇ ಇದ್ದವು. ಆದರೆ ಮನಸ್ಸಿನಲ್ಲಿ ಉಳಿದಿರುವುದು ಪ್ಯಾಂಗ್‌ಬರ್ನ್ ಎಂಬ ಸಣ್ಣ ಊರಿನಾಚೆ, ಥೇಮ್ಸ್ ನದಿಯ ದಂಡೆಯಲ್ಲಿರುವ ಆ ಉದ್ಯಾನದ ಕೆರೆ.

ಆಗ ಅಲ್ಲಿ ಜೂನ್ ತಿಂಗಳಲ್ಲಿ ದೋಣಿ ಮೇಳ ನಡೆಯುತ್ತಿತ್ತು. ಅದರಲ್ಲೊಂದು ಪಂದ್ಯ, 'ಕಾರ್ಡ್‌ಲೆಸ್ ಕ್ಯಾನೂ ಚಾಲೆಂಜ್'. ನಡೆಸುತ್ತಿದ್ದುದು 'ವಾಟರ್ ಕ್ರಾಫ್ಟ್' ಎಂಬ ದೋಣಿ ಪತ್ರಿಕೆ. ಬಡಗಿಗಳ ಕೈಯಲ್ಲಿ ನಾವು ದಿನವೂ ಕಾಣುವ ಬ್ಯಾಟರಿ ಡ್ರಿಲ್ಲೇ ಇಲ್ಲಿ ದೋಣಿಯ ಎಂಜಿನ್. ಪೆಟ್ರೋಲ್ ಇಲ್ಲ, ಹೊಗೆಯಿಲ್ಲ.

ಥೇಮ್ಸ್ ದಂಡೆಯ ಊರುಗಳಿಗೆ ಭಾನುವಾರ ಹೋಗುವವರು ಹಿಂದಿನ ರಾತ್ರಿಯೇ ರೈಲಿನ ವೇಳೆ ನೋಡಿಕೊಳ್ಳಬೇಕು. ಹಳಿ ದುರಸ್ತಿಯೆಂದು ನಾನು ಹೋದ ದಿನ ರೈಲಿನ ಬದಲು ಬಸ್ ಹಾಕಿದ್ದರು. ಯಾವ ಬಸ್, ಎಲ್ಲಿಂದ ಹೊರಡುತ್ತದೆ ಎಂದು ಹೇಳಲು ನಿಲ್ದಾಣದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪ್ಯಾಂಗ್‌ಬರ್ನ್‌ನಿಂದ ಮುಂದೆ ಕಾರುಗಳು ಭರ್ರೆಂದು ಸಾಗುವ ರಸ್ತೆಯ ಅಂಚಿನಲ್ಲೇ ನಡೆದೆ. ಮುಂಗಡ ಹೇಳದೆ ಟ್ಯಾಕ್ಸಿ ಸಿಗುವ ಊರಲ್ಲ ಅದು. ಮೇಳದ ಬಾಗಿಲು ತಲುಪುವಷ್ಟರಲ್ಲಿ ಬೆಳಗಿನ ಪಂದ್ಯಗಳು ಮುಗಿದಿದ್ದವು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಬಿಳಿ ಪ್ಲಾಸ್ಟಿಕ್ಕಿನ, ಸೋಫಾ ಹಾಕಿದ ದೊಡ್ಡ ಮೋಟಾರು ದೋಣಿಗಳ ಸಾಲು ನನಗೆ ಹಿಡಿಸಲಿಲ್ಲ. ನೀರಿನ ಮೇಲೊಂದು ಹೋಟೆಲ್ ಕೋಣೆ ಕಟ್ಟಿಕೊಂಡು ಏನು ಸುಖ? ಅವುಗಳನ್ನು ದಾಟಿ ಕೆರೆಯ ಅಂಚಿಗೆ ಬಂದರೆ ಅಲ್ಲಿತ್ತು ನಿಜವಾದ ಸಂಭ್ರಮ. ಒಂದು ದೋಣಿಯ ಎರಡೂ ಬದಿಗೆ ಚಕ್ರಗಳು, ಪ್ರತಿ ಚಕ್ರಕ್ಕೆ ಒಂದೊಂದು ಡ್ರಿಲ್. ಗುಂಡಿ ಒತ್ತಿದೊಡನೆ ನೀರು ಮೇಲಕ್ಕೆ ಚಿಮ್ಮಿ ನಡೆಸುವವನೇ ತೊಯ್ದುಹೋಗುತ್ತಿದ್ದ. ಇನ್ನೊಬ್ಬರು ಹುಲ್ಲು ಕತ್ತರಿಸುವ ಯಂತ್ರದ ಉದ್ದನೆಯ ಕೊಳವೆಗೆ ಡ್ರಿಲ್ ಸಿಕ್ಕಿಸಿ, ಬ್ಲೇಡ್ ಇದ್ದ ಜಾಗಕ್ಕೆ ನೀರು ತಳ್ಳುವ ಪ್ರೊಪೆಲರ್ ಹಾಕಿದ್ದರು. ಡ್ರಿಲ್‌ಗಳ ಕೀರಲು ದನಿ, ಮಕ್ಕಳ ಕೂಗು, ದಡದಲ್ಲಿ ನಿಂತವರ ಸಲಹೆಗಳು ಎಲ್ಲ ಒಟ್ಟಿಗೆ.

ನಾನು ಹೆಚ್ಚು ಹೊತ್ತು ನಿಂತದ್ದು ಹಸಿರು ಬಣ್ಣದ ತೆಳ್ಳನೆಯ ದೋಣಿಯೊಂದರ ಬಳಿ. ಕಟ್ಟಿದವರು ಕೆಲಸದಿಂದ ನಿವೃತ್ತರಾದ ಬಡಗಿ. ಓಡಿಸುವವಳು ಹನ್ನೆರಡರ ಆಸುಪಾಸಿನ ಮೊಮ್ಮಗಳು. "ಅವಳ ತೂಕ ನನ್ನ ಅರ್ಧ, ಅದಕ್ಕೇ ಅವಳು" ಎಂದರು ಅಜ್ಜ.

ಡ್ರಿಲ್‌ನ ಗೇರ್ ಒಂದರಲ್ಲಿತ್ತು. ವೇಗ ಬೇಕಾದರೆ ಎರಡಕ್ಕೆ ಹಾಕಬೇಕಲ್ಲವೇ ಎಂದು ಕೇಳಿದೆ. ಅವರು ಪ್ರೊಪೆಲರ್ ತೋರಿಸಿದರು. ಅಂಗೈಗಿಂತ ದೊಡ್ಡದು, ಮರದ್ದು, ಕೈಯಿಂದಲೇ ಕೆತ್ತಿದ್ದು. ಎರಡನೆಯ ಗೇರಿನಲ್ಲಿ ನಿಮಿಷಕ್ಕೆ ಸಾವಿರದೈನೂರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಆದರೆ ಈ ಪ್ರೊಪೆಲರ್ ಹಾಕಿದರೆ ಮೋಟಾರು ತಿಣುಕುತ್ತದೆ, ಸುಟ್ಟ ವಾಸನೆ ಬರುತ್ತದೆ. ಮೊದಲನೆಯ ಗೇರಿನಲ್ಲಿ ಐನೂರರ ಆಸುಪಾಸು ಸುತ್ತಿದರೂ ದೊಡ್ಡ ಪ್ರೊಪೆಲರ್ ನಿಧಾನವಾಗಿ ಹೆಚ್ಚು ನೀರನ್ನು ತಳ್ಳುತ್ತದೆ, ಬ್ಯಾಟರಿಯೂ ಉಳಿಯುತ್ತದೆ. 18 ವೋಲ್ಟ್, 3 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 54 ವಾಟ್-ಗಂಟೆ, ಅಂದರೆ 54 ವಾಟ್ ಎಳೆದರೆ ಒಂದು ಗಂಟೆ ಬರುವಷ್ಟು ಶಕ್ತಿ. 200 ವಾಟ್ ಎಳೆದರೆ ಕಾಲು ಗಂಟೆಗೆ ಖಾಲಿ. ಡ್ರಿಲ್ಲಿಗೂ ಪ್ರೊಪೆಲರಿಗೂ ನಡುವಿನ ದಂಡ ಜಾರದಿರಲೆಂದು ಅದರ ತುದಿಯನ್ನು ಮೂರು ಕಡೆ ಚಪ್ಪಟೆಯಾಗಿ ಅರೆದಿದ್ದರು. ಡ್ರಿಲ್‌ನ ಬಾಯಿಯಾದ ಚಕ್ಕಿನ ಮೂರು ಹಲ್ಲುಗಳು ಅಲ್ಲೇ ಕಚ್ಚಿಕೊಳ್ಳುತ್ತಿದ್ದವು.

ದೋಣಿಯನ್ನು ಹೇಗೆ ಕಟ್ಟಿದಿರಿ ಎಂದಾಗ ಅವರು ಹೇಳಿದ ಮಾತಿನಿಂದ ನಮ್ಮ ಮಾತು ಗಂಟೆಗಟ್ಟಲೆ ಬೆಳೆಯಿತು. "ಹೊಲಿದು" ಎಂದರು. ಪ್ಲೈವುಡ್ ಹಾಳೆಗಳನ್ನು ಕತ್ತರಿಸಿ, ಅಂಚಿನುದ್ದಕ್ಕೂ ಇದೇ ಡ್ರಿಲ್‌ನಿಂದ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಬಿಗಿದು, ಸಂದಿಗೆ ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿ, ಮೇಲೆ ಗಾಜಿನ ನಾರಿನ ಪಟ್ಟಿ ಅಂಟಿಸುವುದು. 1960ರ ದಶಕದ ಆರಂಭದಲ್ಲಿ ಬಂದ ಮಿರರ್ ಎಂಬ ಪುಟ್ಟ ಹಾಯಿದೋಣಿಯಿಂದ ಈ ವಿಧಾನ ಬ್ರಿಟನ್ನಿನ ಮನೆಮನೆಗೆ ಹೋಯಿತು. ಅದನ್ನು ರೂಪಿಸಿದವರು ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಮತ್ತು ಮನೆಯಲ್ಲೇ ಮಾಡಿಕೊಳ್ಳುವ ಮರಗೆಲಸವನ್ನು ಟಿ.ವಿ.ಯಲ್ಲಿ ಕಲಿಸುತ್ತಿದ್ದ ಬ್ಯಾರಿ ಬಕ್‌ನೆಲ್. ನನ್ನೆದುರಿನ ಅಜ್ಜ ಹುಡುಗನಾಗಿದ್ದಾಗ ತಂದೆಯ ಜೊತೆ ಮೊದಲು ಕಟ್ಟಿದ್ದೂ ಮಿರರನ್ನೇ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಶತಮಾನಗಳಿಂದ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದೇ ದೋಣಿ ಕಟ್ಟುತ್ತಿದ್ದರು, ಕಬ್ಬಿಣದ ಮೊಳೆ ಬಳಸುತ್ತಿರಲಿಲ್ಲ ಎಂದು ನಾನು ಹೇಳಿದೆ. ಅವರು ಕೈಯಲ್ಲಿದ್ದ ಚಹಾ ಲೋಟವನ್ನು ಹುಲ್ಲಿನ ಮೇಲಿಟ್ಟು ಕುಳಿತೇಬಿಟ್ಟರು.

"ಹೊಲಿಗೆಯ ತೂತಿನಿಂದ ನೀರು ಬರುತ್ತಿರಲಿಲ್ಲವೇ?"

ಸಂದಿಯ ಮೇಲೆ ನಾರಿನ ಪಟ್ಟಿಯಿಟ್ಟು ಅದರ ಮೇಲೆ ಹುರಿ ಬಿಗಿಯುತ್ತಿದ್ದರು, ನೀರಿನಲ್ಲಿ ನಾರು ಉಬ್ಬಿಕೊಳ್ಳುತ್ತದೆ, ಮೇಲೆ ಮೀನೆಣ್ಣೆ ಬಳಿಯುತ್ತಿದ್ದರು ಎಂದೆ.

"ಅಂದರೆ ಬಂಡೆಗೆ ತಗುಲಿದರೂ ಬಾಗುತ್ತದೆ, ಒಡೆಯುವುದಿಲ್ಲ. ನನ್ನದು ಒಡೆಯುತ್ತದೆ." ಅವರು ಮೊಮ್ಮಗಳನ್ನು ಕರೆದರು. "ಕೇಳು, ಇವರ ಊರಿನವರು ತಂತಿಯಿಲ್ಲದೆ ಹೊಲಿದವರು." ಆಮೇಲೆ ನನ್ನ ಕೈಗೊಂದು ದಾರ ಕೊಟ್ಟು ಹೊಲಿಗೆ ತೋರಿಸಿ ಎಂದರು. ಕುಂದಾಪುರದ ಕಡೆ ಬೆಳೆದ ನಾನು ಹಳೆಯ ದೋಣಿಗಳಲ್ಲಿ ಕಂಡಂತೆ ಅಡ್ಡಡ್ಡವಾಗಿ ಸುತ್ತಿ ತೋರಿಸಿದೆ. ಅವರು ಅದನ್ನು ಬಿಚ್ಚಿ ತಾವೇ ಸುತ್ತಿ ನೋಡಿದರು, ಮತ್ತೆ ಬಿಚ್ಚಿದರು.

ಮಧ್ಯಾಹ್ನದ ಪಂದ್ಯದಲ್ಲಿ ಹಸಿರು ದೋಣಿ ಸದ್ದಿಲ್ಲದೆ ಮುಂದಿತ್ತು. ಹುಡುಗಿ ಕಾಲಿನಿಂದ ಚುಕ್ಕಾಣಿ ಒತ್ತುತ್ತ, ಕೈಯಲ್ಲಿ ಗುಂಡಿಯನ್ನು ಅರ್ಧ ಮಾತ್ರ ಹಿಡಿದಿದ್ದಳು. ಜೋಡಿ ಚಕ್ರದವನ ಒಂದು ಚಕ್ರ ಸಡಿಲಾಗಿ ಅವನು ನಿಂತಲ್ಲೇ ಗಿರಗಿರ ತಿರುಗಿದ. ದಡಕ್ಕೆ ಬಂದೊಡನೆ ಅಜ್ಜ ತಮ್ಮ ಡ್ರಿಲ್ಲನ್ನು ದಂಡದಿಂದ ಕಿತ್ತು, ಸ್ಕ್ರೂ ಬಿಟ್ ಸಿಕ್ಕಿಸಿ, ಅವನ ಚಕ್ರದ ಪಟ್ಟಿಯನ್ನು ಬಿಗಿದುಕೊಟ್ಟರು. ದೋಣಿ ಕಟ್ಟಿದ್ದೂ, ನಡೆಸಿದ್ದೂ, ಎದುರಾಳಿಯದನ್ನು ದುರಸ್ತಿ ಮಾಡಿದ್ದೂ ಒಂದೇ ಉಪಕರಣ. ಇಂಥ ಪಂದ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದಿನ ಸುತ್ತಿನಲ್ಲಿ ಚಕ್ರದವನು ಹುಡುಗಿಯನ್ನು ಒಂದು ದೋಣಿಯುದ್ದ ಹಿಂದಿಕ್ಕಿದ. ಅವಳು ದಡಕ್ಕೆ ಬಂದು ಮುಖ ಉಬ್ಬಿಸಿಕೊಂಡು, "ನೀವೇಕೆ ಅವನ ಚಕ್ರ ಬಿಗಿದುಕೊಟ್ಟಿರಿ?" ಎಂದು ಅಜ್ಜನನ್ನು ಕೇಳಿದಳು. "ಕೆಟ್ಟು ನಿಂತವನನ್ನು ಸೋಲಿಸಿ ನಿನಗೇನು ಸಿಗುತ್ತದೆ? ಬ್ಯಾಟರಿ ಬದಲಾಯಿಸು, ಇನ್ನೊಂದು ಸುತ್ತು ಇದೆ" ಎಂದರು ಅವರು.