ಸದಾಶಿವಗಡದಲ್ಲಿ ಕೇಳಿದ ಎಂಟಡಿ ಸ್ವರ

ಕಾರವಾರದ ಬೀಚು, ಅಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್, ದೇವಬಾಗದ ಗಾಳಿಮರಗಳು, ಎಲ್ಲ ನೋಡಿದ್ದಾಯಿತು. ಚೆನ್ನಾಗಿಯೇ ಇದ್ದವು. ಆದರೆ ಊರಿಗೆ ಬಂದ ಮೇಲೂ ತಲೆಯಲ್ಲಿ ಉಳಿದಿರುವುದು ಕಾಳಿ ನದಿಯ ಆಚೆ ದಡದ ಒಂದು ಚಿಕ್ಕ ಇಗರ್ಜಿ ಮತ್ತು ಅದರ ಅಟ್ಟದ ಮೇಲಿದ್ದ ಮರದ ಪೆಟ್ಟಿಗೆ.

ಮೊದಲು ಒಂದು ಮಾತು. ಕಾರವಾರದ ರೈಲು ನಿಲ್ದಾಣ ಊರೊಳಗಿಲ್ಲ, ಶಿರವಾಡದಲ್ಲಿದೆ. ರೈಲು ಇಳಿದಾಗ ಮಳೆ ಸುರಿಯುತ್ತಿತ್ತು. ಒಪ್ಪಿದ ಬಾಡಿಗೆಯನ್ನು ಅರ್ಧ ದಾರಿಯಲ್ಲಿ ಡಬಲ್ ಮಾಡಿದ ಆಟೋದವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಲಗೇಜು ಜಾಸ್ತಿ ಇದ್ದರೆ, ಉಳಿದುಕೊಳ್ಳುವ ಕಡೆಯಿಂದಲೇ ಗಾಡಿ ಹೇಳಿಸಿಕೊಳ್ಳಿ.

ಸೇತುವೆ ದಾಟಿ ಸದಾಶಿವಗಡದ ಕಡೆ ಹೋದದ್ದು ಕೋಟೆ ಗುಡ್ಡ ಹತ್ತಲು. ಇಳಿದು ಬರುವಾಗ ಇಗರ್ಜಿಯಿಂದ ಹಾಡು ಕೇಳಿಸಿತು. ಹಬ್ಬಕ್ಕೆ ತಾಲೀಮು ನಡೆದಿತ್ತು. ಹಾಡುವವರ ಪಕ್ಕದಲ್ಲಿ ಒಂದು ಎಲೆಕ್ಟ್ರಾನಿಕ್ ಕೀಬೋರ್ಡು. ಅದರ ಸ್ವರ ನನಗೆ ಯಾವತ್ತೂ ಸೇರುವುದಿಲ್ಲ. ಎಲ್ಲ ಊರಲ್ಲೂ ಒಂದೇ ತರಹ ನುಣುಪು, ಉಸಿರೇ ಇಲ್ಲ. ತಾಲೀಮು ಮುಗಿದ ಮೇಲೆ, ಹಿಂದೆ ಇಲ್ಲಿ ಏನು ನುಡಿಸುತ್ತಿದ್ದರು ಎಂದು ಕೇಳಿದೆ. ಎಲ್ಲರೂ ಮೂಲೆಯ ಬೆಂಚಿನಲ್ಲಿದ್ದ ಒಬ್ಬ ಅಜ್ಜನ ಕಡೆ ನೋಡಿದರು. ಅವರೇ ಹಿಂದಿನ ಮೇಸ್ತ್ರಿ, ಅಂದರೆ ಇಗರ್ಜಿಯ ಸಂಗೀತದ ಉಸ್ತುವಾರಿ. ಮಾತಾಡದೆ ಎದ್ದು, ನನ್ನನ್ನು ಅಟ್ಟಕ್ಕೆ ಕರೆದೊಯ್ದರು.

ಬಟ್ಟೆ ಸರಿಸಿದರೆ ಕಾಲಲ್ಲಿ ತುಳಿಯುವ ರೀಡ್ ಆರ್ಗನ್, ಹಾರ್ಮೋನಿಯಂ ಬಳಗದ ವಾದ್ಯ. ತಯಾರಕರ ಹೆಸರಿನ ತಗಡು ಕಿತ್ತುಹೋಗಿದೆ. ಕೀಲಿಗಳ ಮೇಲೆ ಸಾಲಾಗಿ ಎಳೆಯುವ ಗುಂಡಿಗಳು. ಒಂದೊಂದರ ಮುಖದ ಮೇಲೂ ಬಿಳಿ ಬಿಲ್ಲೆ, ಅದರಲ್ಲಿ ಡಯಾಪೇಸನ್ 8, ಫ್ಲೂಟ್ 4, ವೋಕ್ಸ್ ಹ್ಯುಮಾನಾ ಎಂದು ಬರೆದಿದೆ.

"ಈ ಎಂಟು ಏನು?" ಎಂದೆ.

"ಎಂಟು ಅಡಿ. ಕೊಳವೆಯ ಉದ್ದ."

"ಇದರಲ್ಲಿ ಕೊಳವೆಯೇ ಇಲ್ಲವಲ್ಲ!"

ಅವರು ನಕ್ಕು, ಹಿಂಬದಿಯ ಹಲಗೆ ಬಿಚ್ಚಿದರು. ಒಳಗೆ ಸಾಲು ಸಾಲು ಹಿತ್ತಾಳೆಯ ನಾಲಿಗೆಗಳು, ಬಾಚಣಿಗೆಯ ಹಲ್ಲಿನ ಹಾಗೆ. ಒಂದನ್ನು ಕೊಕ್ಕೆಯಿಂದ ಎಳೆದು ನನ್ನ ಅಂಗೈ ಮೇಲಿಟ್ಟರು. ಬೆರಳುದ್ದವೂ ಇರಲಿಲ್ಲ. ಕೊಳವೆಗಳಿಗೆ ಗಾಳಿ ಊದಿ ನುಡಿಸುವ ನಿಜವಾದ ಪೈಪ್ ಆರ್ಗನ್ನಿನಲ್ಲಿ ಕೀಲಿಮಣೆಯ ಅತಿ ಕೆಳಗಿನ ಸ್ವರಕ್ಕೆ ಸುಮಾರು 8 ಅಡಿಯ ತೆರೆದ ಕೊಳವೆ ಬೇಕು. 4 ಅಡಿಯ ಸಾಲು ಎಳೆದರೆ ಅದೇ ಕೀಲಿ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ, 16 ಅಡಿಯದಾದರೆ ಒಂದು ಸ್ಥಾಯಿ ಕೆಳಗೆ. ಕೊಳವೆಗಳಿಲ್ಲದ ಈ ಪೆಟ್ಟಿಗೆಯವರು ಲೆಕ್ಕವನ್ನು ಮಾತ್ರ ಹಾಗೇ ಉಳಿಸಿಕೊಂಡರು. ಆರ್ಗನ್ ಕಲಿತವರು ಇದರ ಮುಂದೆ ಕೂತರೂ ಯಾವ ಗುಂಡಿ ಎಳೆಯಬೇಕೆಂದು ತಡಕಾಡಬೇಕಿರಲಿಲ್ಲ.

ಮೇಸ್ತ್ರಿ ತುಳಿಯತೊಡಗಿದರು. ನಮ್ಮ ಭಜನೆಯ ಹಾರ್ಮೋನಿಯಂ ಗಾಳಿಯನ್ನು ಒಳಗಿನಿಂದ ತಳ್ಳುತ್ತದೆ. ಪ್ಯಾರಿಸ್‌ನ ಅಲೆಕ್ಸಾಂಡ್ರ್ ಡೆಬೇನ್ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಕೂಡ ಹಾಗೇ. ಅಮೆರಿಕದಲ್ಲಿ ಬೆಳೆದ ಈ ಜಾತಿ ಉಲ್ಟಾ, ಇದು ಗಾಳಿಯನ್ನು ಹೊರಗಿನಿಂದ ಹೀರಿಕೊಳ್ಳುತ್ತದೆ. ಅದಕ್ಕೇ ಸ್ವರ ಮೆತ್ತಗೆ. ಅಲ್ಲಿನ ಎಸ್ಟೆ ಕಂಪನಿಯೊಂದೇ ಇಂಥ ಐದು ಲಕ್ಷಕ್ಕೂ ಜಾಸ್ತಿ ಪೆಟ್ಟಿಗೆ ಮಾಡಿತು. ಕೊಳವೆ ಕೊಳ್ಳಲಾಗದ ಇಗರ್ಜಿಗಳಿಗೆ ಇದೇ ಆರ್ಗನ್ ಆಯಿತು. ವೋಕ್ಸ್ ಹ್ಯುಮಾನಾ ಗುಂಡಿ ಎಳೆದಾಗ ಒಳಗೊಂದು ಪುಟ್ಟ ಫ್ಯಾನು ತಿರುಗಿ ಸ್ವರ ನಡುಗಿತು. ಬಲ ಮೊಣಕಾಲಿಂದ ಪಕ್ಕದ ಹಲಗೆ ಒತ್ತಿದರು, ಸದ್ದು ನಿಧಾನಕ್ಕೆ ಏರಿ ಅಟ್ಟವೆಲ್ಲ ತುಂಬಿತು. ನನ್ನ ರೋಮ ನಿಮಿರಿದ್ದು ಆಗ. ಕೆಳಗೆ ಹರಟುತ್ತಿದ್ದ ಹುಡುಗರೂ ಸುಮ್ಮನಾದರು.

ನಮ್ಮ ಕರಾವಳಿಗೆ ದೊಡ್ಡ ಆರ್ಗನ್ ಯಾಕೆ ಬರಲಿಲ್ಲ ಎಂದು ಕೇಳಿದೆ. ದುಡ್ಡು ಒಂದು ಕಾರಣ, ಮಳೆಗಾಲ ಇನ್ನೊಂದು ಎಂದರು. ಗಾಳಿಪೆಟ್ಟಿಗೆಯ ಮರ ಉಬ್ಬುತ್ತದೆ, ಅಂಟು ಬಿಡುತ್ತದೆ, ತಿದಿಯ ತೊಗಲಿಗೆ ಬೂಷ್ಟು ಹಿಡಿಯುತ್ತದೆ. ಸೆಕೆ ಏರಿದರೆ ಕೊಳವೆಯೊಳಗಿನ ಗಾಳಿ ಬಿಸಿಯಾಗಿ ಶ್ರುತಿಯೂ ಏರುತ್ತದೆ. ಲೋಹದ ಕೊಳವೆಗಳು ಹೆಚ್ಚಾಗಿ ತವರ ಮತ್ತು ಸೀಸದ ಮಿಶ್ರಣ, ಅವನ್ನು ತಿದ್ದಲು ಇಲ್ಲಿ ಯಾರಿದ್ದಾರೆ?

ಆಗ ನಾನು ಫಿಲಿಪ್ಪೀನ್ಸ್‌ನ ಲಾಸ್ ಪಿನ್ಯಾಸ್ ಇಗರ್ಜಿಯ ವಿಷಯ ತೆಗೆದೆ. ಅಲ್ಲಿಯೂ ಸೆಕೆ, ಮಳೆ, ಸಮುದ್ರ. ಡಿಯೇಗೋ ಸೆರಾ ಎಂಬ ಪಾದ್ರಿ 1816ರಲ್ಲಿ ಶುರುಮಾಡಿ 1824ಕ್ಕೆ ಮುಗಿಸಿದ ಆರ್ಗನ್ನಿನಲ್ಲಿ 1031 ಕೊಳವೆಗಳು, ಅವುಗಳಲ್ಲಿ 902 ಬಿದಿರಿನವು. ಹುಳ ಹಿಡಿಯದಿರಲಿ ಎಂದು ಬಿದಿರನ್ನು ಮೊದಲು ಸಮುದ್ರದ ಮರಳಲ್ಲಿ ಹೂತಿಟ್ಟಿದ್ದರಂತೆ. ಅದು ಇವತ್ತಿಗೂ ನುಡಿಯುತ್ತಿದೆ.

ಮೇಸ್ತ್ರಿ ತುಳಿಯುವುದನ್ನೇ ನಿಲ್ಲಿಸಿದರು. "ಬಿದಿರು? ನಮ್ಮ ದಾಂಡೇಲಿ ಕಡೆ ಬೇಕಾದಷ್ಟು ಇದೆಯಲ್ಲ! ಮರಳಿಗೇನು, ಕೆಳಗಿಳಿದರೆ ಮರಳೇ." ಆ ಮೇಲೆ ಒಂದರ ಹಿಂದೊಂದು ಪ್ರಶ್ನೆ. ತೂತು ಎಲ್ಲಿ ಕೊರೆದರು? ಗಂಟು ತೆಗೆದರೋ ಬಿಟ್ಟರೋ? ತುತ್ತೂರಿಯ ಸ್ವರವೂ ಬಿದಿರಿಂದಲೇ ಬರುತ್ತದಾ? ಇಲ್ಲ, ಅವು ಲೋಹದವು ಎಂದೆ. ಅಲ್ವಾ ಮತ್ತೆ, ಎಂದು ತಲೆಯಾಡಿಸಿದರು.

ಅವರು ಪೈಪ್ ಆರ್ಗನ್ ಕೇಳಿರುವುದು ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಪೀಟರ್ ಕೊನಾಕರ್ ಕಂಪನಿ ಮಾಡಿದ್ದು, 1881ರದು. "ತಗ್ಗಿನ ಸ್ವರ ಕಿವಿಗೆ ಬರುವ ಮೊದಲು ಬೆಂಚಿಗೆ ಬಂತು" ಎಂದರು. ಬೆಂಗಳೂರಿನವನಾದ ನನಗೆ ಇದನ್ನು ಸದಾಶಿವಗಡದವರು ಹೇಳಬೇಕಾಯಿತು.

ಮಾತಿನ ಭರದಲ್ಲಿ ಮಧ್ಯಾಹ್ನದ ಊಟ ತಪ್ಪಿತು. ರಾತ್ರಿ ತಿಂದ ಬಂಗುಡೆ ಗಸಿ, ಸೋಲ್ ಕಡಿ ಅದನ್ನು ಬಡ್ಡಿ ಸಮೇತ ತೀರಿಸಿದವು. ಮರುದಿನ ಶಿರಸಿ, ಮಾರಿಕಾಂಬಾ ಗುಡಿ, ಬಸ್ಸು.

ಪೆಟ್ಟಿಗೆಯ ನಾಲಿಗೆಗಳು ಇನ್ನೂ ಗಟ್ಟಿಯಾಗಿವೆ. ಶ್ರುತಿ ಇಳಿದದ್ದನ್ನು ತುದಿ ಕೆರೆದು ಏರಿಸಬಹುದು, ಏರಿದ್ದನ್ನು ಬುಡ ಕೆರೆದು ಇಳಿಸಬಹುದು. ಆ ಕೆಲಸ ಮೇಸ್ತ್ರಿಗೆ ಗೊತ್ತು. ಕೆಟ್ಟಿರುವುದು ತಿದಿ. ಅದರ ರಬ್ಬರು ಬಳಿದ ಬಟ್ಟೆ ಮಡಿಕೆಗಳಲ್ಲಿ ಸೀಳಿದೆ, ತುಳಿದಷ್ಟೂ ಗಾಳಿ ಸೋರುತ್ತದೆ. ಅಳತೆಯನ್ನು ಒಂದು ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಕೊಟ್ಟಿದ್ದಾರೆ. ಅವೆನ್ಯೂ ರೋಡಿನ ಆಸುಪಾಸು ಹುಡುಕುತ್ತಿದ್ದೇನೆ. ಇಲ್ಲಿ ಸಿಗದಿದ್ದರೆ ಹಾರ್ಮೋನಿಯಂ ರಿಪೇರಿಯವರನ್ನು ಹಿಡಿಯಬೇಕು. ಹಬ್ಬಕ್ಕೆ ಮೊದಲು ಬಟ್ಟೆ ಅವರ ಕೈಗೆ ತಲುಪಬೇಕು.