ಟಿಮಕ್ಸ್ ಒಳಗೆ ಕಳೆದುಹೋದ ನೀಲಿ

ಅಕ್ಕನ ಮಗ ಓದುತ್ತಿದ್ದ ಕೋಡು ಅವನದಲ್ಲ, ಹಿಂದಿನ ಬ್ಯಾಚಿನವರು ಬರೆದಿಟ್ಟು ಹೋದದ್ದು. ಯಾವ ಸಾಲು ಯಾಕಿದೆ ಎಂಬುದೆಲ್ಲ ಕಾಮೆಂಟುಗಳಲ್ಲೇ ಇತ್ತು. ಆ ಕಾಮೆಂಟುಗಳೇ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಆಷಾಢದ ಮಳೆ. ಅಡಿಕೆಗೆ ಮದ್ದು ಹೊಡೆಯುವ ಕೆಲಸ ನಿಂತು ಶಿರಸಿಯ ಮನೆಯಲ್ಲಿ ಎಲ್ಲರೂ ಒಳಗೇ ಇದ್ದರು. "ಮಾವಾ, ಲ್ಯಾಪ್‌ಟಾಪಲ್ಲಿ ವಿಮ್ ತೆರೆದರೆ ಚೊಲೋ ಕಾಣ್ತದೆ. ಸರ್ವರಿಗೆ ಹೋಗಿ ತೆರೆದರೆ ಎಲ್ಲ ಬೂದಿ ಬೂದಿ. ಎಂತಕ್ಕೆ?" ಎಂದ. ವಿಮ್ ಎಂದರೆ ಟರ್ಮಿನಲ್ಲಿನಲ್ಲಿ, ಅಂದರೆ ಆದೇಶ ಟೈಪು ಮಾಡುವ ಪರದೆಯಲ್ಲಿ, ಕೋಡು ಓದಿ ತಿದ್ದುವ ತಂತ್ರಾಂಶ. ಎರಡೂ ಕಡೆ ಅದೇ ಸೋಲರೈಸ್ಡ್8 ಬಣ್ಣದ ಥೀಮು, ಅದೇ ಸೆಟ್ಟಿಂಗಿನ ಕಡತ ವಿಮ್‌ಆರ್‌ಸಿ. ಇಂಥ ಹೊತ್ತಲ್ಲಿ ಒಂದಾದ ಮೇಲೊಂದು ಥೀಮು ಬದಲಾಯಿಸುತ್ತ ಕೂರುವವರನ್ನು ಬಹಳ ನೋಡಿದ್ದೇನೆ. ಅದರಿಂದ ಮೂಲ ಸಿಗುವುದಿಲ್ಲ.

ಹಿನ್ನೆಲೆಯ ಬಣ್ಣ ಯಾವುದೆಂದು ವಿಮ್ಮನ್ನೇ ಕೇಳಿದೆವು. ಎರಡೂ ಕಡೆ ಒಂದೇ ಉತ್ತರ: ಕೆಂಪು 0, ಹಸಿರು 43, ನೀಲಿ 54. ಸರ್ವರಿನಲ್ಲಿ ಅವನು ವಿಮ್ ತೆರೆಯುತ್ತಿದ್ದದ್ದು ಟಿಮಕ್ಸ್ ಒಳಗೆ; ಒಂದೇ ಟರ್ಮಿನಲ್ಲಿನಲ್ಲಿ ಹಲವು ಕಿಟಕಿ ನಡೆಸುವ ತಂತ್ರಾಂಶ ಅದು. ಸರ್ವರಿನಲ್ಲೇ ಅದನ್ನು ಬಿಟ್ಟು ಹೊರಬಂದು ತೆರೆದರೆ ಬಣ್ಣ ಸರಿ. ಹಾಗಾದರೆ ನಡುವೆ ಬದಲಾಯಿಸುತ್ತಿದ್ದದ್ದು ಟಿಮಕ್ಸ್.

ಅದರದ್ದೂ ತಪ್ಪಲ್ಲ. ಹಳೆಯ 256 ಬಣ್ಣಗಳ ಪಟ್ಟಿಯಲ್ಲಿ ಮೊದಲ 16 ಟರ್ಮಿನಲ್ ಹೇಳಿದ ಹಾಗೆ; ಆಮೇಲೆ 216 ಬಣ್ಣ, ಕೊನೆಗೆ 24 ಬೂದು ಛಾಯೆ. ವಿಮ್ ಕಳಿಸುತ್ತಿದ್ದದ್ದು 24 ಬಿಟ್ ಬಣ್ಣ, ಅಲ್ಲಿ 1,67,77,216 ಬಣ್ಣಗಳಿಗೆ ಜಾಗವಿದೆ. ಹೊರಗಿನ ಟರ್ಮಿನಲ್ಲಿಗೆ ಅಷ್ಟು ಬಣ್ಣ ತಿಳಿಯುತ್ತದೆಂದು ಖಾತ್ರಿಯಿಲ್ಲದಿದ್ದರೆ ಟಿಮಕ್ಸ್ 256ರಲ್ಲಿ ಹತ್ತಿರದ್ದನ್ನು ಆರಿಸುತ್ತದೆ. 0, 43, 54ಕ್ಕೆ ಅದು ಆರಿಸಿದ್ದು 28, 28, 28. ನೀಲಿಯ ಸುಳಿವೇ ಇಲ್ಲದ ಇದ್ದಿಲು ಬಣ್ಣ. ಕಾಮೆಂಟಿನ ತೆಳು ನೀಲಿಯೂ ಬೂದಿಯಾಗಿ, ಬೂದಿಯ ಮೇಲೆ ಬೂದಿ ಕೂತಿತ್ತು. ಖಾತ್ರಿ ಕೊಡುವ ಸೆಟ್ಟಿಂಗು 'ಕಲರ್‌ಟರ್ಮ್' ಲ್ಯಾಪ್‌ಟಾಪಿನಲ್ಲಿ ಇತ್ತು. ಆದರೆ ಎಸ್‌ಎಸ್‌ಎಚ್ (ಸರ್ವರಿಗೆ ಹೋಗುವ ದಾರಿ) ಟರ್ಮಿನಲ್ಲಿನ ಹೆಸರು ಹೇಳುವ 'ಟರ್ಮ್' ಅನ್ನು ಒಯ್ಯುತ್ತದೆ, 'ಕಲರ್‌ಟರ್ಮ್' ಅನ್ನು ತಾನಾಗಿ ಒಯ್ಯುವುದಿಲ್ಲ.

ಟಿಮಕ್ಸ್ ಸಂರಚನೆಯಲ್ಲಿ ಹೊರಗಿನ ಟರ್ಮಿನಲ್ಲಿಗೆ ಆರ್‌ಜಿಬಿ (24 ಬಿಟ್ ಬಣ್ಣ) ಇದೆ ಎಂದು ಒಂದು ಸಾಲು ಬರೆದು, ಅದನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರುಮಾಡಿದೆವು. ಬರೀ ಕಿಟಕಿ ಮುಚ್ಚಿದರೆ ಒಳಗೆ ಹಳೆಯದೇ ಓಡುತ್ತಿರುತ್ತದೆ. ನೀಲಿ ಬಂತು.

ಅಲ್ಲಿಗೇ ಬಿಡಬಹುದಿತ್ತು. ಆದರೆ ಆದೇಶ ನಡೆಸುವ ಬ್ಯಾಶ್ ಶುರುವಾಗುವಾಗ ಓದುವ ಕಡತ, ಅವನ ಬ್ಯಾಶ್‌ಆರ್‌ಸಿಯಲ್ಲಿ, ಎಲ್ಲಿ ಕೂತರೂ ಟರ್ಮಿನಲ್ಲಿನ ಹೆಸರು 'ಎಕ್ಸ್‌ಟರ್ಮ್-256ಕಲರ್' ಎಂದು ಸಾರುವ ಸಾಲು ಕಂಡಿತು. ಟಿಮಕ್ಸ್ ಒಳಗೆ 'ಸ್ಕ್ರೀನ್' ಅಥವಾ 'ಟಿಮಕ್ಸ್' ವಂಶದ ಹೆಸರೇ ಇರಬೇಕೆಂದು ಅದರ ಕೈಪಿಡಿ ಹೇಳುತ್ತದೆ. ತಾನು ಯಾರೆಂದು ಟರ್ಮಿನಲ್ಲೇ ಹೇಳಲಿ, ಬ್ಯಾಶ್ ಅಲ್ಲ. ಇದರಲ್ಲಿ ನಾನು ಹಟವಾದಿ. ಅಳಿಸಿಸಿದೆ. ವಿಮ್ ತೆರೆದರೆ ಬಣ್ಣವೇ ಇಲ್ಲ, ಬರೀ ಕಪ್ಪು ಬಿಳುಪು!

"ಮೊದಲೇ ಚೊಲೋ ಇತ್ತಲ ಮಾವಾ!"

24 ಬಿಟ್ ಬಣ್ಣ ಕಳಿಸುವ ಸಂಕೇತಗಳನ್ನು ಅಲ್ಲಿದ್ದ ವಿಮ್ ತಾನಾಗಿ ತುಂಬಿಕೊಳ್ಳುತ್ತಿದ್ದದ್ದು 'ಎಕ್ಸ್‌ಟರ್ಮ್' ಎಂಬ ಹೆಸರು ಕಂಡರೆ ಮಾತ್ರ. ಇನ್ನು ನಾವೇ ಹೇಳಿಕೊಡಬೇಕು. ಅಕ್ಷರಕ್ಕೊಂದು, ಹಿನ್ನೆಲೆಗೊಂದು, 'ಟಿ_8ಎಫ್' ಮತ್ತು 'ಟಿ_8ಬಿ'. ವಿಮ್‌ಆರ್‌ಸಿಗೆ ಎರಡು ಸಾಲು ಸೇರಿದ ಮೇಲೆ ಎರಡೂ ಪರದೆ ಒಂದಾದವು.

ಅವನು ಬಳಸುವ ಇನ್ನೊಂದು ಹಳೆಯ ಯಂತ್ರಕ್ಕೆ 'ಟಿಮಕ್ಸ್-256ಕಲರ್' ಎಂದರೆ ಏನೆಂದೇ ಗೊತ್ತಿರಲಿಲ್ಲ. ಬ್ಯಾಶ್‌ಆರ್‌ಸಿಯ ಆ ಸಾಲು ಹುಟ್ಟಿದ್ದೇ ಅಲ್ಲಿ. ಲ್ಯಾಪ್‌ಟಾಪಿನಲ್ಲಿ 'ಇನ್ಫೋಸಿಎಂಪಿ' ಆದೇಶ ಕೊಟ್ಟ ಆ ಹೆಸರಿನ ವಿವರವನ್ನು ಅಲ್ಲಿ 'ಟಿಕ್' ಆದೇಶದ ಮೂಲಕ ಅವನ ಹೋಮ್ ಫೋಲ್ಡರಿಗೇ ಹಾಕಿದೆವು. ಅದಕ್ಕೆ ಅಡ್ಮಿನ್ ಅನುಮತಿ ಬೇಕಾಗುವುದಿಲ್ಲ.