ಸೂಪರ್‌ಮ್ಯಾನ್ ಯಾವ ಪಕ್ಷದವನು?

ಮೇಷ್ಟ್ರುಗಿರಿ ಮುಗಿದ ಮೇಲೆ ಬಾಗಲಕೋಟೆಯ ನವನಗರದಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಪುಟ್ಟ ಅಂಗಡಿ ಇಟ್ಟುಕೊಂಡಿದ್ದೇನೆ. ಕಾಮಿಕ್ಸ್ ಕಪಾಟಿನ ಮುಂದೆ ಮಕ್ಕಳನ್ನು ಕರೆತಂದವರು ತಪ್ಪದೆ ಕೇಳುತ್ತಾರೆ: “ಮಾಸ್ತರರೇ, ಈಗಿನ ಸೂಪರ್‌ಹೀರೋ ಕಥೆಗಳಲ್ಲಿ ರಾಜಕೀಯ ತುರುಕುತ್ತಾರಂತೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ, ಅಲ್ಲವೇ?”

ಇತ್ತು, ಬೇಕಾದಷ್ಟಿತ್ತು.

1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಮೊದಲ ಕಥೆಯಲ್ಲೇ ಹೆಂಡತಿಯನ್ನು ಬಡಿಯುವ ಗಂಡನನ್ನೂ ಸೆನೆಟರನನ್ನು ಬುಟ್ಟಿಗೆ ಹಾಕಿಕೊಂಡ ದಲ್ಲಾಳಿಯನ್ನೂ ವಿಚಾರಿಸಿಕೊಳ್ಳುತ್ತಾನೆ. ಅದೇ ವರ್ಷದ ಆಕ್ಷನ್ ಕಾಮಿಕ್ಸ್ ಮೂರನೆಯ ಸಂಚಿಕೆ ನನಗೆ ಅಚ್ಚುಮೆಚ್ಚು. ಗಣಿ ಕುಸಿದು ವಲಸೆ ಕಾರ್ಮಿಕನೊಬ್ಬ ಗಾಯಗೊಳ್ಳುತ್ತಾನೆ. ತಪ್ಪೆಲ್ಲ ಅವನದೇ ಎನ್ನುತ್ತಾನೆ ಮಾಲೀಕ. ಆ ಮಾಲೀಕ ಔತಣಕ್ಕೆ ಬಂದ ನೆಂಟರಿಷ್ಟರನ್ನು ಮೋಜಿಗೆಂದು ಗಣಿಯೊಳಗೆ ಕರೆದೊಯ್ದಾಗ, ಕೂಲಿಯವನ ವೇಷದಲ್ಲಿದ್ದ ಸೂಪರ್‌ಮ್ಯಾನ್ ದಾರಿಗೆ ಕಲ್ಲು ಬೀಳಿಸುತ್ತಾನೆ. ಅಪಾಯದ ಗಂಟೆ ಎಳೆದರೆ ಅದು ಕೆಟ್ಟು ಕೂತಿದೆ! ಮಾಲೀಕನ ಕೈಗೇ ಗುದ್ದಲಿ ಬರುತ್ತದೆ. ಇಳಕಲ್ಲಿನ ಕಲ್ಲುಗಣಿಗಳಲ್ಲಿ ದುಡಿದವರ ಮನೆಯ ಹುಡುಗರಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಗಿನ ಸೂಪರ್‌ಮ್ಯಾನ್ ನಮ್ಮ ನಾಟಕಗಳ ಸಿಂಧೂರ ಲಕ್ಷ್ಮಣನ ಹತ್ತಿರದ ನೆಂಟ.

ಅವನ ಹಲ್ಲು ಕಿತ್ತವರು ಯಾರು? 1954ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಯೇ ಎಂದು ವಿಚಾರಣೆ ನಡೆಸಿದ ಮೇಲೆ, ಪ್ರಕಾಶಕರು ತಾವೇ ಸಂಹಿತೆಯೊಂದನ್ನು ಬರೆದುಕೊಂಡರು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ಏನನ್ನೂ ಚಿತ್ರಿಸಕೂಡದು ಎಂಬುದು ಅದರ ಒಂದು ಕಲಮು. ಸಂಹಿತೆಯ ಮುದ್ರೆ ಇಲ್ಲದ ಪುಸ್ತಕ ಅಂಗಡಿ ಸೇರುವುದೇ ಕಷ್ಟವಾಯಿತು. ನಾವು “ರಾಜಕೀಯವಿಲ್ಲದ ಒಳ್ಳೆಯ ಕಥೆ” ಎಂದು ನೆನೆಯುವುದು ಬಹುಮಟ್ಟಿಗೆ ಈ ಕಲಮಿನ ಫಸಲು. ಅಧಿಕಾರಿ ಯಾವಾಗಲೂ ಸಜ್ಜನ, ಬ್ಯಾಂಕು ದೋಚುವವನು ಮಾತ್ರ ದುಷ್ಟ. ಇದಕ್ಕಿಂತ ದೊಡ್ಡ ರಾಜಕೀಯ ಇನ್ನೇನು ಬೇಕು?

ನನ್ನ ವಾರಿಗೆಯವರು ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಓದಿ ಬೆಳೆದವರು. ಕಪ್ಪು ಜನರ ಕಾಡು, ನಡುವೆ ತಲೆಬುರುಡೆಯ ಸಿಂಹಾಸನ, ಅದರ ಮೇಲೆ ಬಿಳಿಯ ಮನುಷ್ಯ. ಇಪ್ಪತ್ತೊಂದು ತಲೆಮಾರು ಅಪ್ಪನಿಂದ ಮಗನಿಗೆ ಬಂದ ಪಟ್ಟ. ಕಾಡಿನವರಲ್ಲಿ ಒಬ್ಬನಾದರೂ “ನಿನ್ನನ್ನು ಆರಿಸಿದವರು ಯಾರು” ಎಂದು ಕೇಳಿದ್ದನ್ನು ನಾನು ಓದಿಲ್ಲ. ಕಪ್ಪು ಅಧ್ಯಕ್ಷ ಲುವಾಗಾ ಕಥೆಗೆ ಬಂದದ್ದು ಆಮೇಲೆ. ಆದರೂ ಬುರುಡೆ ಗುಹೆಯ ಗದ್ದುಗೆ ಅಲುಗಲಿಲ್ಲ. ಫ್ಯಾಂಟಮ್ ನನಗೆ ಈಗಲೂ ಇಷ್ಟವೇ, ಅದು ಬೇರೆ ಮಾತು.

ಐರನ್ ಮ್ಯಾನ್ 1963ರಲ್ಲಿ ವಿಯೆಟ್ನಾಮಿನ ಕಮ್ಯುನಿಸ್ಟರ ಕೈಗೆ ಸಿಕ್ಕು ಕವಚ ತೊಟ್ಟ. 2008ರ ಸಿನಿಮಾ ಹೊತ್ತಿಗೆ ಆ ಜಾಗ ಅಫ್ಘಾನಿಸ್ತಾನವಾಗಿತ್ತು. ಶತ್ರುವಿನ ಊರು ಬದಲಾಯಿತು, ಮದ್ದುಗುಂಡು ಮಾರಿದ ಸಾಹುಕಾರನೇ ನಾಯಕನಾಗಿ ಉಳಿದ.

ಉಪದೇಶದ ಕಥೆಗಳಿಗೆ ನಾನು ಹೆದರುವುದಿಲ್ಲ. ನಾಯಕ ನಿಂತು ಭಾಷಣ ಶುರುಮಾಡಿದರೆ ಹುಡುಗರು ಪುಟ ತಿರುವಿಬಿಡುತ್ತಾರೆ, ಬೇಸರವೇ ಅದಕ್ಕೆ ಮದ್ದು. ಮಾತಿಲ್ಲದೆ ಚಿತ್ರದಲ್ಲಿ ಕೂತ ಪಕ್ಷಪಾತವೇ ತಲೆಯಲ್ಲಿ ಉಳಿಯುವುದು. ಕ್ಯಾಪ್ಟನ್ ಅಮೆರಿಕಾ ಹಿಟ್ಲರನ ಮೂತಿಗೆ ಗುದ್ದುವ ಮೊದಲ ಸಂಚಿಕೆ 1940ರ ಕೊನೆಯಲ್ಲಿ ಅಂಗಡಿಗೆ ಬಂದಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಅದನ್ನು ರಚಿಸಿದ ಇಬ್ಬರು ಯಹೂದಿ ತರುಣರಿಗೆ, ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿಗೆ, ಬೆದರಿಕೆಗಳೂ ಬಂದವು. ಆ ಎದೆಗಾರಿಕೆಗೆ ತಲೆಬಾಗುತ್ತೇನೆ. ಆದರೆ ಅದೇ ಯುದ್ಧದ ಕಾಲದ ಕಾಮಿಕ್ಸ್ ಮುಖಪುಟಗಳಲ್ಲಿ ಜಪಾನಿಯರೆಲ್ಲ ಕೋರೆಹಲ್ಲಿನ ಹಳದಿ ಪಿಶಾಚಿಗಳು. ಹಿಟ್ಲರ್ ಒಬ್ಬ ಮನುಷ್ಯನಾಗಿ ಏಟು ತಿಂದ, ಜಪಾನಿಯರು ಇಡೀ ಜನಾಂಗವಾಗಿ ತಿಂದರು.

ಮಕ್ಕಳಿಗೆ ಕೊಡಬಹುದೇ ಎಂದರೆ, ಧಾರಾಳವಾಗಿ ಕೊಡಿ. ನಾಯಕ ಯಾರಿಗೆ ಹೊಡೆದ ಎಂದು ಅವರೇ ಹೇಳುತ್ತಾರೆ. ಯಾರನ್ನು ಮುಟ್ಟದೆ ಬಿಟ್ಟ ಎಂದು ನೀವು ಕೇಳಿ. ಗಣಿಯ ಕಥೆ ಮೇಲಿನ ಸಾಲಿನಲ್ಲಿದೆ, ಫ್ಯಾಂಟಮ್ ಅದರ ಕೆಳಗೆ. ಎರಡನ್ನೂ ಒಟ್ಟಿಗೆ ಒಯ್ಯಿರಿ.